ಕಿರುಬೆರಳಿನಷ್ಟು ತೂತು

ನನಗೆ ನೀರಿನ ಮೇಲೆ ಸಿಟ್ಟು. ಕುಡಿಯುವ ನೀರಿನ ಮೇಲಲ್ಲ, ಗಾಡಿಯ ವೈರಿಂಗಿನೊಳಗೆ ನುಗ್ಗುವ ನೀರಿನ ಮೇಲೆ. ಇಳಕಲ್ಲಿನಲ್ಲಿ ಹುನಗುಂದ ರಸ್ತೆಗೆ ಗಾಡಿಗಳ ವೈರಿಂಗ್ ಮಾಡುವ ನನ್ನ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅಮಾವಾಸ್ಯೆ ಬಂತೆಂದರೆ ಊರಿನ ಡ್ರೈವರುಗಳೆಲ್ಲ ಪೈಪು ಹಿಡಿದು ಎಮ್ಮೆ ತೊಳೆದಂತೆ ಗಾಡಿ ತೊಳೆಯುತ್ತಾರೆ, ಬಾನೆಟ್ಟಿನ ಮೇಲೆ ಕಾಯಿ ಒಡೆಯುತ್ತಾರೆ, ಮರುದಿನ ನನ್ನ ಹತ್ತಿರ ಬಂದು "ಅಣ್ಣಾ, ಗಾಡಿ ಚಾಲೂ ಆಗವಲ್ದು" ಎನ್ನುತ್ತಾರೆ. ನಾನು ಬೈಯುತ್ತೇನೆ. ಬೈಸಿಕೊಂಡೂ ಮತ್ತೆ ಬರುತ್ತಾರೆ, ಕೆಲಸ ಚೊಕ್ಕ ಇರುತ್ತದೆಂದು. ದುಂಡೇಶನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಊರು ಹೇಳುತ್ತದೆ. ನನ್ನ ಹೆಂಡತಿ ರೋಹಿಣಿಯ ಪ್ರಕಾರ ತುದಿಯಲ್ಲಲ್ಲ, ಮೂಗೇ ಸಿಟ್ಟಿನದು.

ಸೋಮಲಿಂಗ ಬಂದದ್ದು ಯುಗಾದಿ ಮುಗಿದ ವಾರದಲ್ಲಿ. ಮದುವೆ ಪೆಂಡಾಲಿನ ಸಾಮಾನು ಹೊತ್ತು ಹೊತ್ತು ಸವೆದ ಒಂದು ಹಳೇ ಟೆಂಪೋ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಹಿಂದೆ ತಗಡಿನ ಕೋಣೆಯಂತೆ ಕಟ್ಟಿಸಿದ್ದ. ಒಳಗೆ ಒಂದು ಮಂಚ, ಒಂದು ಕಿಟಕಿ, ಒಲೆ ಇಡಲು ಮೂಲೆ. ಮಂಚದ ಮೇಲೆ ಅವನ ಅಪ್ಪ ಮುದಕಪ್ಪ ಗೋಡೆಗೆ ಒರಗಿ ಕೂತಿದ್ದ.

ಮುದಕಪ್ಪ ಕಾಕಾನನ್ನು ನಾನು ಬಲ್ಲೆ. ತುಳಸಿಗೇರಿ ಕಡೆಯ ಹಾಲುಮತದ ಕುರುಬರು, ಬೀರಪ್ಪನ ಒಕ್ಕಲು. ಕುರಿ ಬಿಟ್ಟು ಇಳಕಲ್ಲಿಗೆ ಬಂದು ಹದಿನೆಂಟು ವರ್ಷ ಕಲ್ಲಿನ ಖಣಿಯಲ್ಲಿ ದುಡಿದ. ಕಲ್ಲು ಕೊರೆಯುವಾಗ ಏಳುವ ಧೂಳು ಅವನ ಪುಪ್ಪುಸದಲ್ಲಿ ಕೂತುಬಿಟ್ಟಿತು. ಅವನು ಹಾಸಿಗೆ ಹಿಡಿದ ಮೇಲೆ ಮಗ ಮತ್ತೆ ಕುರಿ ಕಟ್ಟಿದ. ಮುದಕಪ್ಪನ ಮೂಗಿಗೆ ಈಗ ನಳಿಗೆ. ಗಾಳಿಯಿಂದ ಆಕ್ಸಿಜನ್ ಹೀರಿ ಕೊಡುವ ಒಂದು ಮಷೀನು ಹಗಲೂ ರಾತ್ರಿ ಪಕ್ಕದಲ್ಲಿ ಗುಂಯ್ ಎನ್ನಬೇಕು. ಕರೆಂಟು ಹೋದರೆ ಅವನ ಉಸಿರೂ ಹೋಗುತ್ತದೆ, ಲೆಕ್ಕ ಅಷ್ಟು ಸಣ್ಣದು.

"ಅಪ್ಪನ ಮಷೀನು ಗಾಡ್ಯಾಗ ನಡೀಬೇಕು ಅಣ್ಣಾ," ಎಂದ ಸೋಮಲಿಂಗ. "ನಾವು ಕುರಿ ಹಿಂದ ಅಡ್ಡಾಡವ್ರು. ಇವತ್ತು ಒಬ್ಬರ ಹೊಲಾ, ನಾಳಿ ಇನ್ನೊಬ್ಬರ ಹೊಲಾ. ಅಪ್ಪನ್ನ ಮನ್ಯಾಗ ಬಿಡಾಕ ಆಗೂದಿಲ್ಲ."

"ಗುಡಿಸಲಾ ಹಾಕ್ಕೊಂಡು ಇರೋ ಮಂದಿಗೆ ಇದೆಲ್ಲ ಯಾಕ್ ಬೇಕೋ? ಮನ್ಯಾಗ ಕರೆಂಟ್ ಐತಿ, ಸುಮ್ನ ಮನ್ಯಾಗ ಇರ್ರಿ," ಎಂದೆ.

ಆಗ ಮುದಕಪ್ಪನೇ ಮಾತಾಡಿದ. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. "ನಾಕು ಗ್ವಾಡಿ... ನೋಡಕೋತ ಉಸರಾಡೂದು... ಬ್ಯಾಸರಾತು ದುಂಡೇಶಾ. ಕುರಿ ನೋಡಕೋತ... ಉಸರಾಡ್ತೇನಿ."

ನನಗೆ ಆ ಮಾತು ಹಿಡಿಸಿತು. ಕೆಲಸ ಒಪ್ಪಿಕೊಂಡೆ.

ಹನ್ನೊಂದು ದಿನ ದುಡಿದೆ. ಎಂಜಿನ್ನಿನ ಬ್ಯಾಟರಿ ಬೇರೆ, ಮಷೀನಿಗೆ ಎರಡು ದೊಡ್ಡ ಬ್ಯಾಟರಿ ಬೇರೆ. ಎಂಜಿನ್ ಚಾಲೂ ಇದ್ದಾಗ ಅವು ಚಾರ್ಜ್ ಆಗಬೇಕು, ಬಿಸಿಲಿದ್ದಾಗ ತಗಡಿನ ಮೇಲಿನ ಸೋಲಾರ್ ಪ್ಲೇಟಿನಿಂದಲೂ ಆಗಬೇಕು. ಬ್ಯಾಟರಿ ಎರಡನ್ನೂ ಮಂಚದ ಕೆಳಗೆ ಇಟ್ಟೆ. ಚಾರ್ಜರ್ ಮತ್ತು ಇನ್ವರ್ಟರ್ ಇಡಲು ಒಳಗೆ ಜಾಗ ಉಳಿಯಲಿಲ್ಲ. ಹೊರಗೆ, ಹಿಂದಿನ ಗಾಲಿಯ ಪಕ್ಕಕ್ಕೆ, ಒಂದು ಕಬ್ಬಿಣದ ಡಬ್ಬಿ ಮಾಡಿಸಿ ಅದರಲ್ಲಿ ಕೂರಿಸಿದೆ. ಮುಚ್ಚಳಕ್ಕೆ ರಬ್ಬರಿನ ಪಟ್ಟಿ, ಅದರ ಸುತ್ತ ಸಿಲಿಕಾನ್. ವೈರುಗಳನ್ನು ನೆಟ್ಟಗೆ ಒಳಗೆ ಬಿಡದೆ ಮೊದಲು ಕೆಳಗೆ ಜೋಲಿಸಿ ಆಮೇಲೆ ಮೇಲಕ್ಕೆ ಎಳೆದು ಒಳಗೆ ಬಿಟ್ಟೆ. ವೈರು ಹಿಡಿದು ಇಳಿಯುವ ನೀರು ಆ ಬಾಗಿದ ಕಡೆಯಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. ಡಬ್ಬಿಯ ತಳದಲ್ಲಿ ಕಿರುಬೆರಳಿನಷ್ಟು ಒಂದು ತೂತು ಕೊರೆದೆ. ಗಾಡಿ ಬಿಡುವ ದಿನ ನಾನು ಎಷ್ಟು ಉಬ್ಬಿದ್ದೆನೆಂದರೆ ರೋಹಿಣಿಯನ್ನೂ ಕರೆಸಿ ತೋರಿಸಿದೆ.

ಸೋಮಲಿಂಗನ ತಾಯಿ ರೇಣವ್ವನಿಗೆ ಮೂರು ಸಲ ಹೇಳಿದೆ. "ಯವ್ವಾ, ಈ ಡಬ್ಬಿಗೆ ನೀರು ಹೋಗಬಾರ್ದು. ಗಾಡಿ ತೊಳೀರಿ, ಪೂಜಿ ಮಾಡ್ರಿ, ಏನರ ಮಾಡ್ರಿ, ಇದರಾಗ ಒಂದ್ ಹನಿ ನೀರು ಹೋದ್ರ ಕಾಕಾನ ಜೀವ ಹೋದಂಗ. ನೆನಪ ಇಟ್ಕೋ." ಆಕೆ ಮೂರು ಸಲವೂ ತಲೆಯಾಡಿಸಿದಳು. ಕುಳ್ಳಗಿನ ಹೆಂಗಸು, ಹಣೆಯ ತುಂಬ ಭಂಡಾರದ ಅರಿಸಿನ, ಕೈಯಲ್ಲಿ ಸದಾ ಏನಾದರೊಂದು ಕೆಲಸ.

ಆರು ತಿಂಗಳು ಎಲ್ಲ ಸುರಳೀತ ನಡೆಯಿತು. ಗಾಡಿಯ ಒಳಗೋಡೆಗೆ ಬ್ಯಾಟರಿ ಎಷ್ಟಿದೆ ಎಂದು ತೋರಿಸುವ ಮೀಟರ್ ಹಾಕಿದ್ದೆ. ದಿನಾ ಮುಂಜಾನೆ ಮುದಕಪ್ಪ ಫೋನ್ ಮಾಡಿ ಅದನ್ನು ಓದುತ್ತಿದ್ದ. "ಹದಿಮೂರು... ಪಾಯಿಂಟ್ ಎರಡು." ಅಷ್ಟು ಹೇಳಲಿಕ್ಕೆ ಎರಡು ಉಸಿರು ಬೇಕು. ಬಳಿಕ ಮೂರನೆಯ ಉಸಿರಿನಲ್ಲಿ ಏನಾದರೂ ಸೇರಿಸುತ್ತಿದ್ದ: ಒಂದು ಕುರಿ ಅವಳಿ ಈದಿದೆ, ಇವತ್ತು ಹೊಲದವರು ಜೋಳದ ರೊಟ್ಟಿ ಕೊಟ್ಟರು, ಟಗರು ಸೋಮಲಿಂಗನನ್ನು ಕೆಡವಿತು. ಚಹದಂಗಡಿಯ ಮಂದಿಯ ಮುಂದೆ ನಾನು ಫೋನಿನ ಸ್ಪೀಕರ್ ಹಾಕಿ ಕೇಳಿಸುತ್ತಿದ್ದೆ. "ನೋಡ್ರಿಲೇ, ಈ ಮನಷ್ಯಾ ನನ್ನ ವೈರಿಂಗ್ ಮ್ಯಾಲ ಉಸರಾಡಾಕತ್ತಾನ." ಹೀಗೆ ಹೇಳಿದ್ದೇನೆ. ಇಲ್ಲವೆನ್ನಲಾರೆ.

ಸೀಗಿ ಹುಣ್ಣಿಮೆ ಮುಗಿದು ನಾಲ್ಕು ದಿನಕ್ಕೆ ಮಳೆ ಹಿಡಿಯಿತು. ಹೋಗಬೇಕಾದ ಮಳೆ ಹೋಗದೆ ಕೂತುಬಿಟ್ಟಿತು. ಅವರು ಆಗ ಗುಡೂರಿನ ಆಚೆ, ಬಾದಾಮಿ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ಯಮನಪ್ಪ ಎಂಬ ರೈತನ ಎರೆ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿದ್ದರು. ಅಲ್ಲಿಗೆ ಹೋಗುವಾಗ, ಡಾಂಬರು ರಸ್ತೆಗೆ ಬರುವ ಮುಂಚೆ, ಒಂದು ಹಳ್ಳ ದಾಟಿದ್ದರು. ಹಳ್ಳದಲ್ಲಿ ಗಾಲಿ ಮುಳುಗುವಷ್ಟು ನೀರು ಇತ್ತಂತೆ.

ಮಳೆಯ ಎರಡನೆಯ ದಿನ ಮುಂಜಾನೆ ಮುದಕಪ್ಪ ಓದಿದ: "ಹನ್ನೆರಡು... ಪಾಯಿಂಟ್ ಒಂದು."

"ಎಂಜಿನ್ ಚಾಲೂ ಮಾಡಿಸು ಕಾಕಾ. ಒಂದ್ ತಾಸು ಓಡ್ಲಿ."

ಒಂದು ತಾಸಿನ ಮೇಲೆ ಸೋಮಲಿಂಗ ಫೋನ್ ಮಾಡಿದ. "ಏರವಲ್ದು ಅಣ್ಣಾ. ಇನ್ನೂ ಇಳದೈತಿ."

ಫ್ಯೂಸ್ ಹೋಗಿರಬೇಕು ಎಂದುಕೊಂಡೆ. ನನ್ನ ಡಬ್ಬಿಗೆ ನೀರು ಹೊಕ್ಕಿರಬಹುದೆಂಬ ವಿಚಾರ ತಲೆಯ ಹತ್ತಿರವೂ ಸುಳಿಯಲಿಲ್ಲ. ಅಂಗಡಿಯಲ್ಲಿ ಒಂದು ಲಾರಿಯ ಕೆಲಸ ಅರ್ಧಕ್ಕೆ ನಿಂತಿತ್ತು, ಹೊರಗೆ ಮಳೆ ಸುರಿಯುತ್ತಿತ್ತು. "ಮಷೀನಿನ ಸ್ಪೀಡ್ ಒಂದ್ ಹಲ್ಲು ಕಡಿಮಿ ಮಾಡ್ರಿ. ನಾಳಿ ಮುಂಜಾನಿ ಬರ್ತೇನಿ," ಎಂದೆ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಹಾಳಾದದ್ದು ನನ್ನ ಮನೆಯಲ್ಲ.

ಮರುದಿನ ಮುದಕಪ್ಪನ ಫೋನ್ ಬರಲಿಲ್ಲ. ಎಂಟು ಗಂಟೆಗೆ ಸೋಮಲಿಂಗ ಮಾಡಿದ. "ಮಷೀನ್ ಬಂದ್ ಆತು ಅಣ್ಣಾ. ಪೂರಾ ಬಂದ್ ಆತು. ಅಡಚಣಿಗಂತ ಇಟ್ಟಿದ್ದ ಆಕ್ಸಿಜನ್ ಸಿಲಿಂಡರ್ ಹಚ್ಚೇವಿ."

"ಸಿಲಿಂಡರ್ ಎಷ್ಟೊತ್ತು ಬರತೈತಿ?"

"ಮೂರು ತಾಸು ಅಂತ ದವಾಖಾನ್ಯಾಗ ಹೇಳಿದ್ರು."

"ಊರಾಗ ಕರೆಂಟ್ ಐತೇನು?"

"ನಿನ್ನಿಯಿಂದ ಇಲ್ಲ. ಗಾಡಿ ಹೊರಗ ತಗ್ಯಾಕೂ ಆಗವಲ್ದು. ಎರಿ ಮಣ್ಣಾಗ ಅರ್ಧ ಗಾಲಿ ಕುಂತೈತಿ."

"ನೂರಾ ಎಂಟಕ್ಕ ಫೋನ್ ಹಚ್ಚು, ಅಂಬುಲೆನ್ಸ್ ಕರಿ," ಎಂದು ಹೇಳಿ ಬೈಕ್ ಹತ್ತಿದೆ. ಚೀಲದಲ್ಲಿ ಮೀಟರ್, ಫ್ಯೂಸುಗಳು, ದಪ್ಪ ವೈರು, ಪಕ್ಕಡ. ಅಂಗಡಿಯ ಕಪಾಟಿನಲ್ಲಿ ಒಂದು ಇನ್ವರ್ಟರ್ ಇತ್ತು. ಹೊಚ್ಚ ಹೊಸದು, ಡಬ್ಬಿ ಸಹ ಬಿಚ್ಚಿರಲಿಲ್ಲ. ಅದರ ಮುಂದೆಯೇ ನಿಂತು ಮಳೆಯಂಗಿ ಹಾಕಿಕೊಂಡೆ. ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಬೇಕು? ನಾನು ಕೂರಿಸಿದ್ದು ಕೆಡುವಂಥದಲ್ಲವಲ್ಲ.

ಗುಡೂರು ದಾಟಿ ಡಾಂಬರು ಬಿಟ್ಟು ಇಳಿದ ಮೇಲೆ ಬೈಕು ಇನ್ನೂರು ಹೆಜ್ಜೆ ಹೋಗಲಿಲ್ಲ. ಎರೆ ಮಣ್ಣು ಒಣಗಿದ್ದರೆ ಕಲ್ಲು, ಹಸಿಯಾದರೆ ಅಂಟು. ಗಾಲಿ ತಿರುಗುವುದನ್ನೇ ಬಿಟ್ಟಿತು. ಬೈಕನ್ನು ಬದುವಿಗೆ ಒರಗಿಸಿ ನಡೆದೆ. ಪ್ರತಿ ಹೆಜ್ಜೆಗೂ ಕಾಲಿಗೆ ಎರಡು ಸೇರು ಮಣ್ಣು. ಚಪ್ಪಲಿ ಎಲ್ಲೋ ಹೂತುಹೋದವು. ಅಲ್ಲಿಗೆ ಮುಟ್ಟಿದಾಗ ಹತ್ತು ಗಂಟೆಯಾಗಿತ್ತು.

ಗಾಡಿ ಒಂದು ಮಗ್ಗುಲಿಗೆ ವಾಲಿತ್ತು. ಕುರಿಗಳು ಒದ್ದೆ ಉಣ್ಣೆ ಹೊತ್ತು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಒಳಗೆ ಮುದಕಪ್ಪ ಮಂಚದ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈ ಮೊಳಕಾಲಿಗೆ ಊರಿ ಕೂತಿದ್ದ. ನನ್ನನ್ನು ನೋಡಿ ತಲೆಯೆತ್ತಿದ. ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಸಮೀಪಕ್ಕೆ ಬಂದಿತ್ತು. ರೇಣವ್ವ ಅವನ ಬೆನ್ನು ಸವರುತ್ತಿದ್ದಳು. "ತಮ್ಮಾ ಬಂದಾ ನೋಡು. ಈಗ ಚಾಲೂ ಆಕ್ಕೈತಿ," ಎಂದಳು ಗಂಡನಿಗೆ. ಅಷ್ಟು ನಂಬಿಕೆ.

ನಾನು ಹೊರಗೆ ಬಂದು ಮಣ್ಣಿನಲ್ಲಿ ಮೊಳಕಾಲೂರಿ ಡಬ್ಬಿಯ ಬೋಲ್ಟು ಬಿಚ್ಚಿದೆ. ನಾಲ್ಕನೆಯದು ಸಡಿಲಾಗುತ್ತಲೇ ಮುಚ್ಚಳ ತಾನೇ ತೆರೆದುಕೊಂಡು ಒಳಗಿನ ನೀರು ನನ್ನ ಎದೆಯ ಮೇಲೆ ಸುರಿಯಿತು. ಒಂದು ಬಿಂದಿಗೆಯಷ್ಟು ನೀರು. ಚಾರ್ಜರ್ ಮುಳುಗಿತ್ತು, ಇನ್ವರ್ಟರ್ ಮುಳುಗಿತ್ತು, ತಾಮ್ರದ ತುದಿಗಳೆಲ್ಲ ಹಸಿರು ಹಿಡಿದಿದ್ದವು. ಸುಟ್ಟ ವಾಸನೆ ನೀರಿನೊಳಗಿಂದಲೂ ಬರುತ್ತಿತ್ತು. ತಳಕ್ಕೆ ಬೆರಳು ಹಾಕಿದೆ. ತೂತಿನಲ್ಲಿ ಹಳದಿ ಬಟ್ಟೆಯ ಒಂದು ಗಂಟು ಬಿಗಿಯಾಗಿ ತುರುಕಿತ್ತು. ಎಳೆದು ತೆಗೆದೆ. ಬೀರಪ್ಪನ ಗುಡಿಯ ಅರಿಸಿನ ಪುಡಿ, ಭಂಡಾರ, ನೆನೆದು ಮುದ್ದೆಯಾಗಿ ಕೈಗೆಲ್ಲ ಮೆತ್ತಿತು.

ಎಷ್ಟೇ ಬಂದೋಬಸ್ತು ಮಾಡಿದರೂ ನೀರು ಒಳಗೆ ಬಂದೇ ಬರುತ್ತದೆ. ಚಳಿಗೆ ಕಬ್ಬಿಣ ಬೆವೆತು ಬರುತ್ತದೆ, ಹಳ್ಳ ದಾಟುವಾಗ ರಬ್ಬರಿನ ಸಂದಿನಿಂದ ಬರುತ್ತದೆ. ಬಂದ ನೀರು ಇಳಿದುಹೋಗಲಿ ಎಂದೇ ತಳದಲ್ಲಿ ತೂತು. ನನಗೆ ಕೆಲಸ ಕಲಿಸಿದ ನಾಗಲಿಂಗ ಮೇಸ್ತ್ರಿ, ಬರುವ ನೀರಿಗಿಂತ ಹೋಗದ ನೀರೇ ಕೆಟ್ಟದ್ದು ಎನ್ನುತ್ತಿದ್ದ. ಅದನ್ನು ಮುಚ್ಚಿದರೆ ಡಬ್ಬಿ ಡಬ್ಬಿಯಲ್ಲ, ಕೊಡ.

ಸಿಟ್ಟು ನೆತ್ತಿಗೇರಿತು. ಗಂಟನ್ನು ಎತ್ತಿ ಹಿಡಿದು ಕೂಗಿದೆ. "ಇದನ್ನ ಯಾರು ತುರಕಿದ್ರಿ? ಯಾವ ಹುಚ್ಚ ಮಂದಿ ಇದನ್ನ ಇಲ್ಲಿ ತುರಕಿದ್ರಿ? ಮನಷ್ಯಾನ್ನ ಕೊಂದ್ರೆಲ್ಲೋ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಗಡಿನ ಗೋಡೆ, ಒಳಗಿದ್ದವರಿಗೆಲ್ಲ ಕೇಳಿಸಿತು. ರೇಣವ್ವ ಬಾಗಿಲಿಗೆ ಬಂದು ನಿಂತಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು.

"ನಾ," ಎಂದಳು. "ನಾನ ಮುಚ್ಚೇನಿ ತಮ್ಮಾ. ಅಮಾಸಿಗೆ ಬೀರಪ್ಪನ ಭಂಡಾರ ತಂದಿದ್ದೆ. ಮಂಚಕ್ಕ ಕಟ್ಟಿದೆ, ಟಗರಿಗೆ ಕಟ್ಟಿದೆ. ಈ ಡಬ್ಬಿಗೂ ಇರಲಿ ಅಂತ ನೋಡಿದ್ರ ತಳದಾಗ ತೂತ ಇತ್ತು. ನೀನ ಹೇಳಿದ್ದೆಲ್ಲ, ಒಂದ್ ಹನಿ ನೀರು ಹೋಗಬಾರ್ದಂತ. ತೂತಿನಾಗಿಂದ ನೀರು ಹೋಗತೈತಿ ಅಂತ ಮುಚ್ಚಿದೆ."

ಆಕೆ ಮಾಡಿದ್ದು ನಾನು ಹೇಳಿದ್ದನ್ನೇ. ಗಾಡಿ ಬಿಡುವ ದಿನ ಆಕೆ ಆ ತೂತಿಗೆ ಬೆರಳು ತೋರಿಸಿ ಇದು ಯಾಕೆ ಎಂದು ಕೇಳಿದ್ದಳು. ನಾನು ರೋಹಿಣಿಗೆ ಗಾಡಿ ತೋರಿಸುವ ಗಡಿಬಿಡಿಯಲ್ಲಿದ್ದೆ. ಅದು ನಿನಗೆ ತಿಳಿಯುವ ಮಾತಲ್ಲ, ಬಿಡು ಎಂದಿದ್ದೆ. ಕೆಸರಿನಲ್ಲಿ ಕೂತಾಗ ಅದು ನೆನಪಾಯಿತು.

ಕೈ ಸುಮ್ಮನೆ ಕೂರಲಿಲ್ಲ. ಇನ್ವರ್ಟರ್ ಬಿಚ್ಚಿದೆ, ನೀರು ಚೆಲ್ಲಿದೆ, ಬಟ್ಟೆಯಿಂದ ಒರೆಸಿದೆ, ಸೋಮಲಿಂಗ ಒಲೆಯ ಕೆಂಡದ ಮೇಲೆ ಹಿಡಿದು ಆರಿಸಿದ. ಒಳಗಿನ ಸರ್ಕ್ಯೂಟ್ ಪಟ್ಟಿ ಸುಟ್ಟು ಕರಿ ಬಿದ್ದಿತ್ತು. ಸತ್ತದ್ದು ಕಾಸಿದರೆ ಏಳುತ್ತದೆಯೇ? ಗಾಡಿಯ ಎಂಜಿನ್ ಚಾಲೂ ಮಾಡಿಸಿ ದಪ್ಪ ವೈರು ಎಳೆದು ನೇರವಾಗಿ ಬ್ಯಾಟರಿಗೆ ಹಚ್ಚಿದೆ. ಮೀಟರಿನ ಅಂಕಿ ಏರತೊಡಗಿತು. ಹನ್ನೆರಡೂವರೆ. ಹದಿಮೂರು. ಸೋಮಲಿಂಗನ ಮುಖ ಅರಳಿತು. "ಏರಾಕತ್ತೈತಿ ಅಣ್ಣಾ! ಅಪ್ಪಾ, ಏರಾಕತ್ತೈತಿ!"

ಅವನಿಗೆ ಹೇಗೆ ಹೇಳುವುದು? ಬ್ಯಾಟರಿ ತುಂಬುತ್ತಿತ್ತು, ಆದರೆ ಆ ಕರೆಂಟನ್ನು ಮಷೀನಿಗೆ ಹೊಂದುವ ಕರೆಂಟು ಮಾಡಿಕೊಡುವುದು ಇನ್ವರ್ಟರ್. ಅದು ನನ್ನ ಕಾಲ ಬಳಿ ಕರಿದಾಗಿ ಬಿದ್ದಿತ್ತು. ಇನ್ನೊಂದು ಇಳಕಲ್ಲಿನ ಕಪಾಟಿನಲ್ಲಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸಗಾರ ನಾನು, ಎರಡು ಜೀವಂತ ವೈರು ಹಿಡಿದುಕೊಂಡು ಅಳುವಂತಾದೆ. ಅತ್ತೆ ಎಂದೇ ಹೇಳಬೇಕು. ಮಳೆಯಿತ್ತು, ಯಾರಿಗೂ ಕಾಣಲಿಲ್ಲ.

"ಎತ್ತಕೊಂಡು ಹೋಗೂನು," ಎಂದೆ.

ಅಂಬುಲೆನ್ಸಿನವರು ಡಾಂಬರು ರಸ್ತೆಯವರೆಗೆ ಬರುತ್ತೇವೆ, ಹೊಲಕ್ಕೆ ಇಳಿಯಲಾಗುವುದಿಲ್ಲ ಎಂದಿದ್ದರು. ತಪ್ಪೇನೂ ಇಲ್ಲ, ಇಳಿದರೆ ಅವರೂ ಹೂತುಕೊಳ್ಳುತ್ತಿದ್ದರು. ಸುದ್ದಿ ತಿಳಿದು ಹೊಲದೊಡೆಯ ಯಮನಪ್ಪ ಬಂದಿದ್ದ. ರೇಣವ್ವ ಮನೆಯ ಕರಿ ಕಂಬಳಿ ಹಾಸಿದಳು. ಮುದಕಪ್ಪನನ್ನು ಅದರ ಮೇಲೆ ಕೂರಿಸಿ, ಬೆನ್ನಿಗೆ ಹಾಸಿಗೆಯ ಸುರುಳಿ ಕೊಟ್ಟು, ಸಿಲಿಂಡರನ್ನು ಅವನ ತೊಡೆಯ ನಡುವೆ ಇಟ್ಟೆವು. ಸೋಮಲಿಂಗ ಒಂದು ತುದಿ, ಯಮನಪ್ಪ ಒಂದು ತುದಿ, ನಾನು ಒಂದು, ರೇಣವ್ವ ಒಂದು. ಕುರಿಗಳನ್ನು ಅವರ ನಾಯಿಯ ಕಾವಲಿಗೆ ಬಿಟ್ಟು ಹೊರಟೆವು.

ಎರಡು ಕಿಲೋಮೀಟರ್. ಹೆಜ್ಜೆ ಕಿತ್ತರೆ ಇನ್ನೊಂದು ಹೆಜ್ಜೆ ಹೂಳುತ್ತಿತ್ತು. ಯಮನಪ್ಪ ಎರಡು ಸಲ ಮೊಳಕಾಲಿಗೆ ಬಿದ್ದ, ನಾನು ಒಮ್ಮೆ. ರೇಣವ್ವ ಬೀಳಲಿಲ್ಲ. ನಾನು ಆಕೆಯ ಮುಖ ನೋಡದಂತೆ ಮುಂದಿನ ತುದಿ ಹಿಡಿದಿದ್ದೆ. ಅರ್ಧ ದಾರಿಯಲ್ಲಿ ಕಂಬಳಿ ಇಳಿಸಿ ಕೈ ಬದಲಿಸುವಾಗ ಮುದಕಪ್ಪ ನನ್ನ ಅಂಗಿ ಹಿಡಿದು ಜಗ್ಗಿದ. ಅವನ ತುಟಿ ನೀಲಿಯಾಗಿತ್ತು. ಕಿವಿ ಹತ್ತಿರ ಒಯ್ದೆ.

"ಆಕಿಗೆ..." ಎಂದ. ಒಂದು ಉಸಿರು. ಇನ್ನೊಂದು. "ಬೈಬ್ಯಾಡ."

ರಸ್ತೆ ಮುಟ್ಟಿದಾಗ ಸಿಲಿಂಡರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಅಂಬುಲೆನ್ಸ್ ಬಂದಿರಲಿಲ್ಲ, ಎಲ್ಲೋ ಸೇತುವೆಯ ಮೇಲೆ ನೀರು ಬಂದು ಸುತ್ತಿ ಬರುತ್ತಿತ್ತು. ಇಪ್ಪತ್ತು ನಿಮಿಷ ಕಾದೆವು. ಆ ಇಪ್ಪತ್ತು ನಿಮಿಷದಲ್ಲಿ ಆ ಮನುಷ್ಯ ಪ್ರತಿಯೊಂದು ಉಸಿರನ್ನೂ ಬಾವಿಯಿಂದ ಸೇದಿದಂತೆ ಸೇದಿದ. ನಾವು ಮೂವರು ಗಟ್ಟಿಮುಟ್ಟಾದ ಗಂಡಸರು ಸುತ್ತ ನಿಂತಿದ್ದೆವು. ಸುತ್ತಲೂ ಅಷ್ಟೊಂದು ಗಾಳಿ ಬೀಸುತ್ತಿತ್ತು. ಅದರಲ್ಲಿ ಒಂದು ಹಿಡಿಯನ್ನು ಅವನ ಎದೆಯೊಳಗೆ ಹಾಕುವ ವಿದ್ಯೆ ನಮ್ಮ ಯಾರಲ್ಲೂ ಇರಲಿಲ್ಲ. ರೇಣವ್ವ ಸೆರಗಿನಿಂದ ಅವನಿಗೆ ಗಾಳಿ ಹಾಕುತ್ತಲೇ ಇದ್ದಳು.

ಬಾಗಲಕೋಟೆಯ ದವಾಖಾನೆಗೆ ಮುಟ್ಟಿಸಿದಾಗ ಜೀವವಿತ್ತು. ದೊಡ್ಡ ಮಷೀನು ಹಚ್ಚಿದರು. ಪುಪ್ಪುಸ ಪೂರ್ತಿ ದಣಿದಿದೆ, ಇಷ್ಟು ಹೊತ್ತು ತಡೆಯಬಾರದಿತ್ತು ಎಂದರು ಡಾಕ್ಟರರು. ನಾನು ಇಳಕಲ್ಲಿಗೆ ಹೋಗಿ ಹೊಸ ಇನ್ವರ್ಟರ್ ತಂದೆ. ಯಾಕೆ ತಂದೆನೋ ತಿಳಿಯದು. ಅಲ್ಲಿ ಅದರಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಎರಡು ದಿನ ಅದನ್ನು ಮಡಿಲಲ್ಲಿಟ್ಟುಕೊಂಡು ವರಾಂಡದಲ್ಲಿ ಕೂತೆ. ಮೂರನೆಯ ದಿನ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮುದಕಪ್ಪ ತೀರಿಕೊಂಡ.

ಸೋಮಲಿಂಗ ಕಾಗದಪತ್ರಕ್ಕೆ ಓಡಾಡುತ್ತಿದ್ದ. ರೇಣವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅತ್ತು ಅತ್ತು ದನಿ ಹೋಗಿತ್ತು. ನಾನು ಹತ್ತಿರ ಹೋಗಿ ಕೂತೆ. ಕಾಲು ಹಿಡಿದು ತಪ್ಪಾಯಿತು ಎನ್ನಬೇಕೆಂದು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ಆಕೆ ಕೇಳಿದಳು.

"ತಮ್ಮಾ, ಆ ತೂತು ಯಾಕಿತ್ತು? ಈಗರ ಹೇಳು."

"ಯವ್ವಾ, ತಪ್ಪು ನಂದು..."

"ಬೈಯಾಕ ಕೇಳವಲ್ಲೆ. ನನಗ ತಿಳೀಲಿ ಅಂತ ಕೇಳಾಕತ್ತೇನಿ."

ಹೇಳಿದೆ. ಹ್ಯಾಂಗ ಮುಚ್ಚಿದರೂ ಒಳಗೆ ಒಂದಿಷ್ಟು ನೀರು ಬರತೈತಿ, ಬಂದದ್ದು ನಿಲ್ಲದಂಗ ಕೆಳಗ ಇಳದು ಹೋಗಬೇಕು, ಅದಕ್ಕ ತೂತು. ಎರಡು ಮಾತು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ರೇಣವ್ವ ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ಇಷ್ಟ ಏನು?" ಎಂದಳು. "ಹಟ್ಟ್ಯಾಗ ಮಳಿ ನೀರು ನಿಂತ್ರ ಮರಿ ಸಾಯ್ತಾವಂತ, ನಾ ಸಣ್ಣಾಕಿ ಇದ್ದಾಗಿಂದ ಕೆಳಗಿನ ಮಗ್ಗಲಾ ಕಾಲುವಿ ತಗದು ನೀರ ಬಿಟ್ಟಾಕಿ. ಇಷ್ಟು ಹೇಳಿದ್ರ ನನಗ ತಿಳೀತಿರಲಿಲ್ಲೇನು ತಮ್ಮಾ?"

"ತಿಳೀತಿತ್ತು ಯವ್ವಾ," ಎಂದೆ.

ಆಕೆ ಮತ್ತೆ ಗೋಡೆಗೆ ಒರಗಿದಳು. ಒಳಗಿನಿಂದ ಮುದಕಪ್ಪನನ್ನು ಹೊರಗೆ ತಂದರು.